ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಕ್ಕಳು ಕುಂಟೆಬಿಲ್ಲೆಯನ್ನೋ ಕಣ್ಣಾಮುಚ್ಚಾಲೆಯನ್ನೋ ಆಡುತ್ತಿರುವಾಗ ಮನೆಯ ಚಿಕ್ಕ ಕೂಸೊಂದು ‘ನಾನೂ ಬರ್ತೀನಿ’ ಎಂದು ಹಟ ಹಿಡಿದರೆ ದೊಡ್ಡವರು ಒಂದು ಉಪಾಯ ಹೂಡುತ್ತಾರೆ. ಅದನ್ನು ಸೇರಿಸಿಕೊಂಡ ಹಾಗೆ ಮಾಡಿ, ತಮ್ಮತಮ್ಮಲ್ಲೇ ಕಣ್ಣು ಮಿಟುಕಿಸಿ, ‘ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದುಬಿಡುತ್ತಾರೆ. ಕೂಸಿಗೂ ಖುಷಿ, ದೊಡ್ಡವರಿಗೂ ತೊಂದರೆಯಿಲ್ಲ. ಬಯಲಿನಲ್ಲಿ ಹುಟ್ಟಿದ ಈ ಮಾತು ನಮ್ಮ ಮನೆಗಳ ಒಳಕ್ಕೂ ಬಂದು ಕೂತಿದೆ. ಜಮೀನು ಮಾರುವ ಮಾತುಕತೆಯಲ್ಲಿ, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂಬ ಚರ್ಚೆಯಲ್ಲಿ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತ ಹೆಂಗಸಿನ ಸ್ಥಾನ ಎಷ್ಟೋ ಕಡೆ ಇದೇ ಅಲ್ಲವೇ?

ಚಿಕ್ಕವರು ದೊಡ್ಡವರ ಜೊತೆ, ಕಲಿಯುತ್ತಿರುವವರು ಕಲಿತವರ ಜೊತೆ ಆಡಬೇಕು, ಆಟ ನಿಜವಾದ ಆಟವೂ ಆಗಿರಬೇಕು, ಸೋಲು ಗೆಲುವಿಗೆ ಬೆಲೆಯೂ ಇರಬೇಕು. ಇದಕ್ಕೆ ದಾರಿ ಉಂಟೇ? ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಉತ್ತರ ನಮ್ಮ ಓಣಿಯ ಆಟಗಳಲ್ಲಿ ಸಿಗಲಿಲ್ಲ, ಗಾಲ್ಫ್‌ನಲ್ಲಿ ಸಿಕ್ಕಿತು. ‘ಇದೇನು ಮೇಷ್ಟ್ರಮ್ಮ, ನಿಮಗೂ ಗಾಲ್ಫ್‌ಗೂ ಎಲ್ಲಿಯ ನಂಟು?’ ಎಂದು ನೀವು ನಗಬಹುದು. ನಾನು ಆ ಕೋಲನ್ನು ಕೈಯಲ್ಲಿ ಹಿಡಿದವಳಲ್ಲ. ಶಾಲೆಯಲ್ಲಿ ಚರಿತ್ರೆ ಪಾಠ ಹೇಳುವವಳು. ಆದರೆ ಈ ಉತ್ತರದ ಹಿಂದೆ ಹೆಂಗಸರ ಕಥೆಯೊಂದಿದೆ. ಅದು ನಮಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಗಾಲ್ಫ್ ಎಂದರೆ ಹದಿನೆಂಟು ಕುಳಿಗಳ ಆಟ. ಒಂದೊಂದು ಕುಳಿಗೂ ದೂರದಿಂದ ಚೆಂಡನ್ನು ಹೊಡೆಯುತ್ತಾ ಹೋಗಿ ಒಳಕ್ಕೆ ಬೀಳಿಸಬೇಕು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆದ್ದವರು. ಚೆನ್ನಾಗಿ ಬಲ್ಲವರಿಗೆ ಇಷ್ಟು ಹೊಡೆತ ಸಾಕು ಎಂದು ಪ್ರತಿ ಕುಳಿಗೂ ಒಂದು ಲೆಕ್ಕವಿದೆ. ಅದಕ್ಕೆ ‘ಪಾರ್’ ಎನ್ನುತ್ತಾರೆ. ದೊಡ್ಡ ಮೈದಾನಗಳಲ್ಲಿ ಹದಿನೆಂಟಕ್ಕೂ ಸೇರಿ ಸಾಮಾನ್ಯವಾಗಿ 72ರ ಆಸುಪಾಸು. ಈಗ ಅತ್ತಿಗೆ 77 ಹೊಡೆತಗಳಲ್ಲಿ ಮುಗಿಸುವವಳು, ನಾದಿನಿ 92ರಲ್ಲಿ ಮುಗಿಸುವವಳು ಎನ್ನಿ. ಹಾಗೆಯೇ ಬಿಟ್ಟರೆ ನಾದಿನಿ ಜನ್ಮದಲ್ಲಿ ಗೆಲ್ಲಲಾರಳು. ಆದ್ದರಿಂದ ಅತ್ತಿಗೆಗೆ 5, ನಾದಿನಿಗೆ 20 ಹೊಡೆತಗಳನ್ನು ಕಳೆಯುವ ಅವಕಾಶ ಕೊಡುತ್ತಾರೆ. ಕಳೆದ ಮೇಲೆ ಇಬ್ಬರೂ 72. ಆ ದಿನ ಯಾರು ತನ್ನ ಎಂದಿನ ಆಟಕ್ಕಿಂತ ಚೆನ್ನಾಗಿ ಆಡಿದಳೋ ಅವಳು ಗೆಲ್ಲುತ್ತಾಳೆ. ಈ ಕಳೆಯುವ ಸಂಖ್ಯೆಗೆ ಹೆಸರು ಹ್ಯಾಂಡಿಕ್ಯಾಪ್.

ಈ ಶಬ್ದ ಕೇಳಿದೊಡನೆ ನಮಗೆ ನೆನಪಾಗುವುದು ಬಸ್ಸಿನ ಮೀಸಲು ಸೀಟು, ಅಂಗವೈಕಲ್ಯ. ಆದರೆ ಆ ಅರ್ಥ ಬಂದದ್ದು ಕೊನೆಗೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಟೋಪಿಯೊಳಗೆ ಕೈ’ ಎಂಬ ಅರ್ಥದ ಒಂದು ವಿನಿಮಯದ ಆಟವಿತ್ತು. ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಒಂದರ ಬೆಲೆ ಹೆಚ್ಚು, ಇನ್ನೊಂದರ ಬೆಲೆ ಕಡಿಮೆ. ಮೂರನೆಯವನೊಬ್ಬ ನಡುವೆ ಕೂತು, ಎಷ್ಟು ಹಣ ಸೇರಿಸಿದರೆ ಎರಡೂ ಸಮ ಎಂದು ತೀರ್ಮಾನಿಸುತ್ತಿದ್ದ. ಒಪ್ಪಿಗೆಯೋ ಇಲ್ಲವೋ ಎಂಬುದನ್ನು ಟೋಪಿಯಿಂದ ಕೈ ಹೊರತೆಗೆಯುವಾಗ ತೋರಿಸಬೇಕು. ಅಲ್ಲಿಂದ ಶಬ್ದ ಕುದುರೆ ಪಂದ್ಯಕ್ಕೆ ಹೋಯಿತು. ಅಲ್ಲಿ ಹೆಚ್ಚು ಬಲದ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಹೊರಿಸುವುದಕ್ಕೆ ಆ ಹೆಸರು ಬಂತು. ಅಂದರೆ ಮೂಲದಲ್ಲಿ ಅದು ಕೊರತೆಯ ಹೆಸರಲ್ಲ, ಸಮ ಮಾಡುವ ತಕ್ಕಡಿಯ ಹೆಸರು. ಭಿಕ್ಷೆಗೆ ಟೋಪಿ ಚಾಚುವುದರಿಂದ ಹುಟ್ಟಿದ ಶಬ್ದ ಎಂದು ಹೇಳುವವರಿದ್ದಾರೆ, ಆದರೆ ಅದು ಸರಿಯಲ್ಲ.

ಗಾಲ್ಫ್‌ನ ತವರು ಸ್ಕಾಟ್ಲೆಂಡ್. ಬಲ್ಲವನು ಬಾರದವನಿಗೆ ಎಷ್ಟು ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಅಲ್ಲಿ ಬಹಳ ಹಳೆಯದು. ಎಡಿನ್‌ಬರೊದ ಥಾಮಸ್ ಕಿಂಕೇಡ್ ಎಂಬ ವೈದ್ಯ ವಿದ್ಯಾರ್ಥಿ 1687ರಷ್ಟು ಹಿಂದೆಯೇ ತನ್ನ ದಿನಚರಿಯಲ್ಲಿ ಈ ಬಗ್ಗೆ ಯೋಚಿಸಿದ್ದಾನೆ. ಒಂದೇ ಊರಿನ ನಾಲ್ಕು ಜನ ಗೆಳೆಯರು ಒಂದೇ ಬಯಲಿನಲ್ಲಿ ಆಡುವವರೆಗೆ ಇದು ಸುಲಭ. ಒಬ್ಬರ ಕೈ ಒಬ್ಬರಿಗೆ ಗೊತ್ತು. ರೈಲು ಬಂದು, ಊರೂರಿಗೆ ಕ್ಲಬ್ಬುಗಳು ಹುಟ್ಟಿ, ಒಂದೂರಿನವರು ಇನ್ನೊಂದೂರಿಗೆ ಪಂದ್ಯಕ್ಕೆ ಹೋಗತೊಡಗಿದಾಗ ತೊಡಕು ಶುರುವಾಯಿತು.

ನಮ್ಮ ಅಜ್ಜಿಯರ ಕಾಲದ ಸೇರನ್ನು ನೆನಪಿಸಿಕೊಂಡರೆ ಈ ತೊಡಕು ಥಟ್ಟನೆ ಅರ್ಥವಾಗುತ್ತದೆ. ಆಗ ಒಂದೂರಿನ ಸೇರಿನಂತೆ ಇನ್ನೊಂದೂರಿನ ಸೇರು ಇರುತ್ತಿರಲಿಲ್ಲ. ತವರಿನ ಲೆಕ್ಕದಲ್ಲಿ ನಾಲ್ಕು ಸೇರು ಅಕ್ಕಿ ಎಂದರೆ ಗಂಡನ ಮನೆಯಲ್ಲಿ ಅದೇ ನಾಲ್ಕು ಸೇರಿಗೆ ಪಾತ್ರೆ ತುಂಬುತ್ತಿರಲಿಲ್ಲ. 1956ರ ಕಾಯ್ದೆ ಬಂದು ಕಿಲೋ, ಲೀಟರು ಬಳಕೆಗೆ ಬಂದ ಮೇಲೆ ಆ ಗೊಂದಲ ತೀರಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಾಲ್ಫ್ ಕ್ಲಬ್ಬುಗಳಲ್ಲಿಯೂ ಇಂಥದೇ ಸೇರಿನ ಗೊಂದಲ. ಪ್ರತಿ ಕ್ಲಬ್ಬೂ ತನ್ನಲ್ಲಿದ್ದ ಅತ್ಯುತ್ತಮ ಆಟಗಾರನನ್ನು ‘ಸ್ಕ್ರ್ಯಾಚ್’ ಎಂದು ಕರೆಯುತ್ತಿತ್ತು. ಅವನಿಗೆ ಸೊನ್ನೆ, ಉಳಿದವರಿಗೆಲ್ಲ ಅವನಿಂದ ಎಣಿಸಿದ ರಿಯಾಯಿತಿ. ದೊಡ್ಡ ಕ್ಲಬ್ಬಿನ ಸ್ಕ್ರ್ಯಾಚ್ ದೇಶಕ್ಕೇ ಹೆಸರಾದ ಆಟಗಾರನಿರಬಹುದು. ಹಳ್ಳಿಯ ಪುಟ್ಟ ಕ್ಲಬ್ಬಿನ ಸ್ಕ್ರ್ಯಾಚ್ ಅವನಿಗಿಂತ ಎಷ್ಟೋ ಹೊಡೆತ ಹಿಂದೆ ಇರಬಹುದು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ! ಇಬ್ಬರ ಚೀಟಿಯ ಮೇಲೂ ಒಂದೇ ಸೊನ್ನೆ, ಆದರೆ ಎರಡೂ ಸೊನ್ನೆ ಒಂದೇ ತೂಕದ್ದಲ್ಲ. ಮೈದಾನ ಉದ್ದವೋ ಗಿಡ್ಡವೋ, ಗಾಳಿಯ ಹೊಡೆತ ಎಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಈ ಗೊಂದಲವನ್ನು ಇಡೀ ದೇಶದ ಮಟ್ಟದಲ್ಲಿ ಮೊದಲು ಬಿಡಿಸಿದವರು ಹೆಂಗಸರು.

ಹೆಂಗಸರು ಆಗ ಗಾಲ್ಫ್‌ನಲ್ಲಿ ಅಕ್ಷರಶಃ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ 1867ರಲ್ಲೇ ಹೆಂಗಸರ ಕ್ಲಬ್ ಹುಟ್ಟಿತು ನಿಜ. ಆದರೆ ಅವರ ಪಾಲಿಗೆ ಬಂದದ್ದು ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವಷ್ಟು ಆಟ ಮಾತ್ರ. ಭುಜಕ್ಕಿಂತ ಮೇಲೆ ಕೋಲೆತ್ತಿ ಬೀಸುವುದು ಮರ್ಯಾದಸ್ಥ ಹೆಂಗಸಿಗೆ ಶೋಭಿಸದು ಎಂಬ ಕಾಲ. ಲಾರ್ಡ್ ವೆಲ್‌ವುಡ್ ಎಂಬವರು 1890ರಲ್ಲಿ ಗಾಲ್ಫ್ ಕುರಿತ ಒಂದು ಪುಸ್ತಕದಲ್ಲಿ, ಹೆಂಗಸರ ಹೊಡೆತ ಎಪ್ಪತ್ತು ಎಂಬತ್ತು ಗಜ ದಾಟದಿದ್ದರೆ ಸಾಕು ಎಂಬ ಅರ್ಥದಲ್ಲಿ ಬರೆದರು. ಅವರಿಗೆ ಬಲವಿಲ್ಲವೆಂದಲ್ಲ, ಅದಕ್ಕಿಂತ ದೂರ ಹೊಡೆಯಬೇಕಾದರೆ ಕೋಲನ್ನು ಭುಜದ ಮೇಲಕ್ಕೆ ಎತ್ತಬೇಕಲ್ಲ, ಅದಕ್ಕೆ! ನೆಲಕ್ಕೆ ತಾಗುವ ಲಂಗ, ಬಿಗಿದ ಸೊಂಟ, ತಲೆಯ ಮೇಲೆ ಹ್ಯಾಟು, ಇಷ್ಟನ್ನೂ ಸಂಭಾಳಿಸಿಕೊಂಡು ಆಡುತ್ತಿದ್ದವರ ಮೇಲೆ ಇಂಥ ಕಟ್ಟಳೆ ಬೇರೆ. ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿ ಅಭ್ಯಾಸವಿರುವ ನಮಗೆ ಅವರ ಕಷ್ಟ ಹೇಳಿಕೊಡಬೇಕಾಗಿಲ್ಲ.

1893ರಲ್ಲಿ ಲಂಡನ್ನಿನಲ್ಲಿ ‘ಲೇಡೀಸ್ ಗಾಲ್ಫ್ ಯೂನಿಯನ್’ ಎಂಬ ಸಂಘ ಸ್ಥಾಪನೆಯಾಯಿತು. ವಿಂಬಲ್ಡನ್ನಿನ ಮಹಿಳಾ ಕ್ಲಬ್ಬಿನ ಇಸೆಟ್ ಪಿಯರ್ಸನ್ ಅದರ ಮೊದಲ ಗೌರವ ಕಾರ್ಯದರ್ಶಿ. ಲೇಡ್‌ಲಾ ಪರ್ವಿಸ್ ಎಂಬ ವೈದ್ಯರು ಅವರ ಬೆನ್ನಿಗೆ ನಿಂತರು. ಎಲ್ಲ ಗಂಡಸರೂ ಹಾಗಿರಲಿಲ್ಲ. ಎರಡು ಬಾರಿ ಚಾಂಪಿಯನ್ ಆಗಿದ್ದ ಹೊರೇಸ್ ಹಚಿನ್ಸನ್ ಅದೇ ವರ್ಷ ಒಂದು ಕಾಗದ ಬರೆದು, ಇದೆಲ್ಲ ಬೇಡ ಎಂದು ಬುದ್ಧಿ ಹೇಳಿದರು. ಹೆಂಗಸರು ಒಗ್ಗಟ್ಟಾಗಿ ಯಾವ ಕೆಲಸವನ್ನೂ ಪೂರೈಸಿದ್ದಿಲ್ಲ, ಜಗಳವಾಡಿಕೊಳ್ಳುತ್ತಾರೆ, ಅವರ ಶರೀರಕ್ಕೂ ಈ ಆಟದ ಶ್ರಮ ತಡೆಯದು ಎಂಬುದು ಅದರ ಸಾರಾಂಶ. ಕಾಗದ ಓದಿದ ಹೆಂಗಸರು ಅದನ್ನು ಪಕ್ಕಕ್ಕಿಟ್ಟು ತಮ್ಮ ಕೆಲಸ ಮುಂದುವರಿಸಿದರು. ಅದೇ ವರ್ಷ ಲಿಥಮ್ ಸೇಂಟ್ ಆ್ಯನ್ಸ್‌ನಲ್ಲಿ ಮೊದಲ ಮಹಿಳಾ ಚಾಂಪಿಯನ್‌ಷಿಪ್ ನಡೆಯಿತು. ಲೇಡಿ ಮಾರ್ಗರೆಟ್ ಸ್ಕಾಟ್ ಎಂಬ ತರುಣಿ ಗೆದ್ದಳು. ಫೈನಲ್‌ನಲ್ಲಿ ಅವಳೆದುರು ಸೋತವರು ಇಸೆಟ್ ಪಿಯರ್ಸನ್. ಮರುವರ್ಷದ ಫೈನಲ್‌ನಲ್ಲೂ ಅವಳೆದುರೇ ಅವರು ಸೋತರು.

ಚರಿತ್ರೆಯ ಪುಸ್ತಕಗಳಲ್ಲಿ ಗೆದ್ದವರ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ನನಗಂತೂ ಇಲ್ಲಿ ಸೋತವರೇ ಹೆಚ್ಚು ದೊಡ್ಡವರೆನ್ನಿಸುತ್ತಾರೆ. ಸಂಘದ ಉದ್ದೇಶಗಳ ಪಟ್ಟಿಯಲ್ಲಿ ಮೊದಲಿಂದಲೂ ಒಂದು ಸಾಲಿತ್ತು: ಹ್ಯಾಂಡಿಕ್ಯಾಪ್‌ಗೆ ಎಲ್ಲೆಡೆ ಒಂದೇ ಪದ್ಧತಿ ತರುವುದು. ಪಿಯರ್ಸನ್ ಆ ಸಾಲನ್ನು ಹಿಡಿದು ಕೂತರು. ಕ್ಲಬ್ಬಿನ ಅತ್ಯುತ್ತಮ ಆಟಗಾರ್ತಿಯಿಂದ ಎಣಿಸುವುದನ್ನು ಬಿಟ್ಟು, ಮೈದಾನಕ್ಕೇ ಒಂದು ಪಾರ್ ನಿಗದಿ ಮಾಡಿ ಅಲ್ಲಿಂದ ಎಣಿಸುವ ದಾರಿ ಅವರದು. ಆ ಪಾರ್ ಎಷ್ಟೆಂಬುದು ಕ್ಲಬ್ಬಿನ ಇಷ್ಟಕ್ಕೆ ಬಿಟ್ಟದ್ದಲ್ಲ, ಸಂಘದ ಒಪ್ಪಿಗೆ ಬೇಕು. ಮನೆಮನೆಯ ಸೇರನ್ನು ಬಿಡಿಸಿ ಒಂದೇ ಸೇರು ಕೊಡುವುದು ಸುಲಭದ ಕೆಲಸವೇ? ತಮ್ಮ ಕ್ಲಬ್ಬಿನಲ್ಲಿ ಸೊನ್ನೆಯಲ್ಲಿ ಮೆರೆಯುತ್ತಿದ್ದವರಿಗೆ ‘ನಿಮ್ಮದು ಸೊನ್ನೆಯಲ್ಲ, ಎಂಟು’ ಎಂದು ಹೇಳಬೇಕಲ್ಲ. ಆದರೂ ಎಂಟು ಹತ್ತು ವರ್ಷಗಳಲ್ಲಿ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋದರೂ ನಂಬಬಹುದಾದ ಲೆಕ್ಕ ಅವರಲ್ಲಿ ನೆಲೆಗೊಂಡಿತು. ಒಗ್ಗಟ್ಟಾಗಲಾರರು ಎಂದು ಕಾಗದ ಬರೆಸಿಕೊಂಡವರು, ಗಂಡಸರಿಗೆ ಆವರೆಗೆ ಆಗದಿದ್ದುದನ್ನು ಒಗ್ಗಟ್ಟಾಗಿಯೇ ಮಾಡಿದರು. ಅಮೆರಿಕದ ಗಾಲ್ಫ್ ಸಂಘ, ಲೇಟನ್ ಕಾಲ್ಕಿನ್ಸ್ ಎಂಬವರು ರೂಪಿಸಿದ ಪದ್ಧತಿಯನ್ನು ಆಧರಿಸಿ ದೇಶಕ್ಕೆಲ್ಲ ಒಂದು ವ್ಯವಸ್ಥೆ ತಂದದ್ದು 1911ರಲ್ಲಿ. ಬ್ರಿಟನ್ನಿನ ಗಂಡಸರಿಗೆ ಮೈದಾನದ ಅಳತೆಯ ಮೇಲೆ ನಿಂತ ಒಂದೇ ಪದ್ಧತಿ ಬಂದದ್ದು 1920ರ ದಶಕದಲ್ಲಿ.

ಹೆಂಗಸರಿಗೇ ಇದು ಏಕೆ ಮೊದಲು ಹೊಳೆಯಿತು? ಅವರಿಗೆ ಸಿಕ್ಕಿದ ಮೈದಾನಗಳೇ ಅಂಥವು ಎಂದು ನನ್ನ ಊಹೆ. ಒಂದು ಕಡೆ ಒಂಬತ್ತೇ ಕುಳಿಗಳ ಗಿಡ್ಡ ಜಾಗ, ಇನ್ನೊಂದು ಕಡೆ ಗಂಡಸರು ಬಿಟ್ಟಾಗ ಸಿಗುವ ಉದ್ದದ ಬಯಲು. ಆಡುವ ನೆಲ ಒಬ್ಬೊಬ್ಬರಿಗೆ ಒಂದೊಂದು ಬಗೆ ಎಂಬುದನ್ನು ಅವರು ಕಾಲಲ್ಲಿ ನಡೆದು ತಿಳಿದಿದ್ದರು. ನೆಲ ಸಮನಾಗಿದ್ದವರಿಗೆ ನೆಲವನ್ನು ಅಳೆಯಬೇಕು ಎಂದು ತೋಚುವುದಿಲ್ಲ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಈ ಎಲ್ಲ ಪದ್ಧತಿಗಳೂ ಮೈದಾನವನ್ನು ಅಳೆದದ್ದು ಚೆನ್ನಾಗಿ ಆಡುವವರ ಕಣ್ಣಿನಿಂದ. ಕಷ್ಟದ ಮೈದಾನ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಷ್ಟವೇ? ನಮ್ಮ ಅಡುಗೆಮನೆಯನ್ನೇ ನೋಡಿ. ಇದ್ದಕ್ಕಿದ್ದಂತೆ ಹತ್ತು ಜನ ನೆಂಟರು ಬಂದರೆ ಪಳಗಿದ ಕೈಯವಳು ಅರ್ಧ ಗಂಟೆ ಹೆಚ್ಚು ತೆಗೆದುಕೊಂಡಾಳು. ಹೊಸದಾಗಿ ಬಂದ ಸೊಸೆಗೆ ಅದೇ ದಿನ ಅನ್ನ ಮುದ್ದೆಯಾಗಿ, ಸಾರಿಗೆ ಉಪ್ಪು ಹೆಚ್ಚಾಗಿ, ಕಣ್ಣಲ್ಲಿ ನೀರು ಬಂದೀತು. ಕಷ್ಟ ಒಂದೇ, ಅದು ಇಬ್ಬರಿಂದ ಕಿತ್ತುಕೊಳ್ಳುವುದು ಬೇರೆ ಬೇರೆ. ಗಾಲ್ಫ್‌ನಲ್ಲಿಯೂ ನೀರಿನ ಹೊಂಡ, ಮರಳಿನ ಗುಂಡಿ, ಒತ್ತಾದ ಮರಗಳು ಬಲ್ಲವರಿಂದ ಒಂದೆರಡು ಹೊಡೆತ ಕಿತ್ತುಕೊಂಡರೆ ಬಾರದವರಿಂದ ಹತ್ತು ಕಿತ್ತುಕೊಳ್ಳುತ್ತವೆ.

ಇದನ್ನು ಲೆಕ್ಕಕ್ಕೆ ಇಳಿಸಿದವರು ಅಮೆರಿಕದ ನೌಕಾಪಡೆಯ ಅಧಿಕಾರಿ ಡೀನ್ ನೂತ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯ ನೌಕಾ ವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರಿಗೆ ಇದು ಹೊಳೆಯಿತು. ಹ್ಯಾಂಡಿಕ್ಯಾಪ್ ಏರಿದಂತೆ ಹೊಡೆತಗಳು ಎಷ್ಟೆಷ್ಟು ಏರುತ್ತವೆ ಎಂದು ನಕ್ಷೆ ಬರೆದರೆ ಒಂದು ಓರೆಗೆರೆ ಬರುತ್ತದೆ. ಸುಲಭದ ಮೈದಾನದಲ್ಲಿ ಆ ಗೆರೆ ಮಂದವಾಗಿ ಏರುತ್ತದೆ, ಕಷ್ಟದ ಮೈದಾನದಲ್ಲಿ ಕಡಿದಾಗಿ ಏರುತ್ತದೆ. ಗೆರೆಯ ಆ ಏರಿಕೆಗೆ ಇಂಗ್ಲಿಷಿನಲ್ಲಿ ಸ್ಲೋಪ್ ಎನ್ನುತ್ತಾರೆ, ಪದ್ಧತಿಗೂ ಅದೇ ಹೆಸರಾಯಿತು. 1982ರಲ್ಲಿ ಕೊಲೊರಾಡೊದ ಮೈದಾನಗಳಲ್ಲಿ ಪರೀಕ್ಷೆ ಮಾಡಿ, 1987ರಲ್ಲಿ ಅಮೆರಿಕಕ್ಕೆಲ್ಲ ಅನ್ವಯಿಸಿದರು.

ಈಗ ಪ್ರತಿ ಮೈದಾನಕ್ಕೂ ಎರಡು ಸಂಖ್ಯೆಗಳಿವೆ. ಒಂದು ಕೋರ್ಸ್ ರೇಟಿಂಗ್, ಅಂದರೆ ಸ್ಕ್ರ್ಯಾಚ್ ಆಟಗಾರರು ಚೆನ್ನಾಗಿ ಆಡಿದ ದಿನ ಎಷ್ಟು ಹೊಡೆತ ಬೇಕಾದೀತು ಎಂಬುದು. ಇನ್ನೊಂದು ಸ್ಲೋಪ್, ಅಂದರೆ ಸಾಧಾರಣ ಆಟಗಾರರಿಗೆ ಆ ಮೈದಾನ ಅದಕ್ಕಿಂತ ಎಷ್ಟು ಕಡಿದು ಎಂಬುದು. ಅದು 55ರಿಂದ 155ರವರೆಗೆ ಇರಬಹುದು, 113 ಅದರ ನಡುಮಟ್ಟ. ನಮ್ಮ ಅತ್ತಿಗೆ ನಾದಿನಿಯರನ್ನೇ ತೆಗೆದುಕೊಳ್ಳಿ. ಅತ್ತಿಗೆಯ ಮೂಲ ಸಂಖ್ಯೆ 5, ನಾದಿನಿಯದು 20. ಅದನ್ನು ಆ ಮೈದಾನದ ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಬೇಕು. ಸ್ಲೋಪ್ 95 ಇರುವ ಸುಲಭದ ಮೈದಾನದಲ್ಲಿ ಅತ್ತಿಗೆಗೆ 4, ನಾದಿನಿಗೆ 17 ಹೊಡೆತಗಳ ರಿಯಾಯಿತಿ. ಸ್ಲೋಪ್ 130 ಇರುವ ಕಷ್ಟದ ಮೈದಾನದಲ್ಲಿ ಅತ್ತಿಗೆಗೆ 6, ನಾದಿನಿಗೆ 23. ಇಬ್ಬರ ನಡುವಿನ ಅಂತರ ಒಂದು ಕಡೆ 13, ಇನ್ನೊಂದು ಕಡೆ 17. ಅದೇ ಇಬ್ಬರು, ನೆಲ ಬದಲಾದಾಗ ಅಂತರವೂ ಬದಲಾಯಿತು. ಇದರ ಮೇಲೆ ಕೋರ್ಸ್ ರೇಟಿಂಗ್ ಪಾರ್‌ಗಿಂತ ಎಷ್ಟು ಹೆಚ್ಚೋ ಅಷ್ಟನ್ನು ಕೂಡಿಸುತ್ತಾರೆ, ಕಡಿಮೆಯಿದ್ದರೆ ಕಳೆಯುತ್ತಾರೆ. ಮುಗಿಯಿತು.

ಈ ಸಂಖ್ಯೆಗಳನ್ನು ಕೂತಲ್ಲೇ ಕಲ್ಪಿಸಿಕೊಂಡು ಬರೆಯುವುದಿಲ್ಲ. ತರಬೇತಿ ಪಡೆದವರು ಮೈದಾನದಲ್ಲಿ ನಡೆದು, ಪ್ರತಿ ಕುಳಿಯ ಉದ್ದ, ಏರು ತಗ್ಗು, ನೀರು, ಮರಳು, ಮರ, ಗಾಳಿ ಎಲ್ಲವನ್ನೂ ನೋಡುತ್ತಾರೆ. ಎರಡು ಸಾವಿರ ಅಡಿ ಎತ್ತರ ದಾಟಿದ ಊರಾದರೆ ಗಾಳಿ ತೆಳುವಾಗಿ ಚೆಂಡು ಹೆಚ್ಚು ದೂರ ಹಾರುತ್ತದೆಂದು ಅದನ್ನೂ ಲೆಕ್ಕ ಹಾಕುತ್ತಾರೆ. ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವ ನಮ್ಮ ಬೆಂಗಳೂರೂ ಈ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ಹೆಂಗಸರಿಗೂ ಗಂಡಸರಿಗೂ ರೇಟಿಂಗ್ ಬೇರೆ ಬೇರೆ. ಸಾಧಾರಣ ಗಂಡಸು ಒಂದು ಹೊಡೆತಕ್ಕೆ 200 ಗಜ, ಸಾಧಾರಣ ಹೆಂಗಸು 150 ಗಜ ಎಂದು ಇಟ್ಟುಕೊಂಡು ಇಬ್ಬರ ಕಣ್ಣಿನಿಂದಲೂ ಮೈದಾನವನ್ನು ಅಳೆಯುತ್ತಾರೆ. ಹಾಗಾಗಿ ಗಂಡ ಹೆಂಡತಿ ಒಟ್ಟಿಗೆ ಆಡಿ, ಯಾರೂ ಯಾರಿಗೂ ಬೇಕೆಂದೇ ಸೋಲದೆ, ನಿಜವಾಗಿ ಗೆಲ್ಲಬಹುದು ಅಥವಾ ಸೋಲಬಹುದು. ಇಂಥ ಆಟಗಳು ಬಹಳವಿಲ್ಲ.

ಮೋಸಕ್ಕೂ ದಾರಿಯಿದೆ ಅನ್ನಿ. ಬೇಕೆಂದೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಏರಿಸಿಕೊಂಡು, ಬಹುಮಾನದ ದಿನ ಚೆನ್ನಾಗಿ ಆಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅದಕ್ಕೂ ಒಂದು ತಡೆ ಇಟ್ಟಿದ್ದಾರೆ. ಈಗಿನ ನಿಯಮದಂತೆ ಕೊನೆಯ 20 ಆಟಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ಮೂಲ ಸಂಖ್ಯೆ. ಜ್ವರ ಬಂದ ದಿನ, ಮನಸ್ಸು ಸರಿಯಿಲ್ಲದ ದಿನ, ನಾಟಕವಾಡಿದ ದಿನ ಬಹುಪಾಲು ತಾನಾಗಿ ಬಿಟ್ಟುಹೋಗುತ್ತವೆ. ಒಬ್ಬ ಮನುಷ್ಯನ ಕೈಯಲ್ಲಿ ಏನು ಸಾಧ್ಯವೋ ಅದನ್ನೇ ಹಿಡಿಯುವ ಲೆಕ್ಕ ಇದು.

2020ರಲ್ಲಿ ಜಗತ್ತಿನ ಆರು ಬೇರೆ ಬೇರೆ ಪದ್ಧತಿಗಳನ್ನು ಸೇರಿಸಿ ಒಂದೇ ವಿಶ್ವ ಪದ್ಧತಿ ಮಾಡಿದರು. ಗರಿಷ್ಠ ಹ್ಯಾಂಡಿಕ್ಯಾಪ್ ಮೊದಲು ಹೆಂಗಸರಿಗೆ ಒಂದು, ಗಂಡಸರಿಗೆ ಒಂದು ಇತ್ತು. ಈಗ ಇಬ್ಬರಿಗೂ 54. ಇದನ್ನು ಜಾರಿಗೆ ತಂದವು ಅಮೆರಿಕದ ಸಂಘ ಮತ್ತು ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಸಂಸ್ಥೆ. ಪಿಯರ್ಸನ್ ಅವರ ಲೇಡೀಸ್ ಗಾಲ್ಫ್ ಯೂನಿಯನ್ 2017ರಲ್ಲಿ ಇದೇ ಆರ್ ಅಂಡ್ ಎ ಜೊತೆ ಒಂದಾಯಿತು. ಸೇಂಟ್ ಆಂಡ್ರ್ಯೂಸ್‌ನ ಆ ಹೆಸರಿನ ಹಳೆಯ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ! ಹೆಂಗಸರು ದಾರಿ ತೋರಿದ ಅಳತೆ ಜಗತ್ತಿಗೆಲ್ಲ ಬರುವ ಹೊತ್ತಿಗೆ, ಅವರಿಗೆ ಬಾಗಿಲು ತೆರೆದು ಆರೇ ವರ್ಷ ಆಗಿತ್ತು.

ಇದೆಲ್ಲ ಉಳ್ಳವರ ಆಟ, ನಿಜ. ಎಕರೆಗಟ್ಟಲೆ ಹುಲ್ಲಿಗೆ ನೀರು ಹನಿಸುವ ಮೈದಾನಕ್ಕೆ ನಮ್ಮಂಥವರ ಮನೆಯ ಮಕ್ಕಳು ಹೋಗುವುದೇ ಅಪರೂಪ. ಒಳಗೆ ಬಂದವರ ನಡುವೆ ಹ್ಯಾಂಡಿಕ್ಯಾಪ್ ನ್ಯಾಯ ಮಾಡೀತು, ಬಾಗಿಲ ಹೊರಗೆ ನಿಂತವರಿಗೆ ಅದು ಏನೂ ಮಾಡದು. ರಿಯಾಯಿತಿಯ ಈ ಲೆಕ್ಕ ಶಿಖರದಲ್ಲಿಯೂ ಇಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಕಂಚಿನ ಪದಕ ತಪ್ಪಿ ನಾಲ್ಕನೆಯವಳಾದಳು. ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಅಂದು ಟಿ.ವಿ. ಹಚ್ಚಿ ಕೂತಿದ್ದರು. ಅಲ್ಲಿ ಕಳೆಯಲು ಯಾರಿಗೂ ಒಂದು ಹೊಡೆತವೂ ಇಲ್ಲ, ಇರಲೂಬಾರದು. ಆದರೆ ಶಿಖರಕ್ಕೆ ಹೋಗುವವರು ಕೆಲವರು. ಉಳಿದ ನಾವೆಲ್ಲ ನಡುದಾರಿಯವರು.

ಮೂವತ್ತಕ್ಕೆ ಹತ್ತಿರ ವರ್ಷ ಪಾಠ ಹೇಳಿದ ನನಗೆ ಈ ಚರಿತ್ರೆ ಓದುವಾಗ ಮತ್ತೆ ಮತ್ತೆ ಕಣ್ಣಮುಂದೆ ಬಂದದ್ದು ಅಂಕಪಟ್ಟಿ. ಜೂನ್ ತಿಂಗಳ ಸಭೆಗಳಲ್ಲಿ ಈ ಶಾಲೆಗೆ ಇಷ್ಟು ಶೇಕಡ, ಆ ಶಾಲೆಗೆ ಅಷ್ಟು ಶೇಕಡ ಎಂದು ಓದಿಹೇಳುವುದನ್ನು ತಲೆತಗ್ಗಿಸಿ ಕೇಳಿದ್ದೇನೆ. ಒಂದು ಶಾಲೆಯ ಮಗುವಿಗೆ ಮನೆಯಲ್ಲಿ ಮೇಜು, ದೀಪ, ಟ್ಯೂಷನ್. ಇನ್ನೊಂದು ಶಾಲೆಯ ಹುಡುಗಿ ಬೆಳಿಗ್ಗೆ ನೀರು ತುಂಬಿಸಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು, ಎರಡು ಮೈಲಿ ನಡೆದು ಬಂದವಳು. ಪ್ರಶ್ನೆಪತ್ರಿಕೆ ಒಂದೇ, ನಡೆದು ಬಂದ ನೆಲ ಒಂದೇ ಅಲ್ಲ. ಅವಳ 62ನ್ನು 92 ಎಂದು ತಿದ್ದಿ ಎಂದು ನಾನು ಹೇಳುತ್ತಿಲ್ಲ. ಗಾಲ್ಫ್‌ನಲ್ಲೂ 92 ಹೊಡೆದದ್ದನ್ನು 92 ಎಂದೇ ಬರೆಯುತ್ತಾರೆ. ಪಕ್ಕದಲ್ಲಿ ಮೈದಾನದ ಸಂಖ್ಯೆಯನ್ನೂ ಬರೆಯುತ್ತಾರೆ, ಅಷ್ಟೆ. ನಮ್ಮ ಪಟ್ಟಿಯಲ್ಲಿ ಆ ಎರಡನೆಯ ಅಂಕಣವೇ ಇಲ್ಲ.

ಅಯ್ಯೋ ಪಾಪ ಎಂದು ನಾಲ್ಕು ಅಂಕ ಹೆಚ್ಚು ಹಾಕುವುದು ಕರುಣೆ. ಅದು ಮೇಷ್ಟ್ರ ಮರ್ಜಿ, ಇಂದು ಉಂಟು, ನಾಳೆ ಇಲ್ಲ. ಪಡೆದವಳಿಗೂ ಅದರಿಂದ ತಲೆ ಎತ್ತಲಾಗದು. ನೆಲವನ್ನು ನಡೆದು ನೋಡಿ, ಅಳೆದು, ಎಲ್ಲರಿಗೂ ಕಾಣುವಂತೆ ಬರೆದಿಡುವುದು ಬೇರೆ ಕೆಲಸ. ಅದಕ್ಕೆ ಶ್ರಮ ಬೇಕು, ಲೆಕ್ಕ ಬೇಕು, ಸೊನ್ನೆಯಲ್ಲಿ ಮೆರೆಯುವವರ ಮುನಿಸನ್ನು ತಡೆಯುವ ಧೈರ್ಯ ಬೇಕು. ಎರಡು ಬಾರಿ ಫೈನಲ್ ಸೋತ ಹೆಂಗಸೊಬ್ಬಳು ಕೋಲನ್ನು ಮೂಲೆಗಿಟ್ಟು ಕೂರದೆ, ಮುಂದೆ ಬರುವ ಎಲ್ಲ ಸೋಲುವವರಿಗಾಗಿ ಕ್ಲಬ್ಬು ಕ್ಲಬ್ಬಿನ ಲೆಕ್ಕ ತಿದ್ದುತ್ತಾ ಹೋದಳಲ್ಲ, ಅವಳ ಹೆಸರನ್ನು ನನ್ನ ಹುಡುಗಿಯರಿಗೆ ಹೇಳಬೇಕೆಂದಿದ್ದೇನೆ. ಗಾಲ್ಫ್ ಗೊತ್ತಿಲ್ಲದಿದ್ದರೂ ಆ ಪಾಠ ಅವರಿಗೆ ಅರ್ಥವಾಗುತ್ತದೆ.